ಪುಷ್ಯಕ್ಕೂ ಆಶ್ಲೇಷಕ್ಕೂ ನಡುವೆ: ಪಾವಗಡ, ಮಧುಗಿರಿ ಕಡೆಯಿಂದ ಎಂ 67 ನೋಡುವ ಸಮಗ್ರ ಮಾರ್ಗದರ್ಶಿ

ಪುಷ್ಯ ಮಳೆ, ಆಶ್ಲೇಷ ಮಳೆ ಅಂದರೆ ತುಮಕೂರು ಜಿಲ್ಲೆಯಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಆದರೆ ಆ ಹೆಸರಿನ ನಕ್ಷತ್ರಗಳು ಆಕಾಶದಲ್ಲಿ ಎಲ್ಲಿವೆ ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತೇವೆ. ಆ ಎರಡರ ನಡುವೆ, ಕರ್ಕಾಟಕ ರಾಶಿಯಲ್ಲಿ, ಎಂ 67 ಎಂಬ ತೆರೆದ ನಕ್ಷತ್ರಗುಚ್ಛ ಇದೆ. ವಯಸ್ಸು ಸುಮಾರು 400 ಕೋಟಿ ವರ್ಷ. ನಮ್ಮ ಸೂರ್ಯನಿಗೆ 460 ಕೋಟಿ. ಅಂದರೆ ಇದು ಹೆಚ್ಚುಕಡಿಮೆ ಸೂರ್ಯನ ಓರಗೆಯ ಗುಂಪು.

ತೆರೆದ ಗುಚ್ಛಗಳಿಗೆ ಇಷ್ಟು ಆಯಸ್ಸು ಇರುವುದಿಲ್ಲ. ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದ ನಕ್ಷತ್ರಗಳು ಕೆಲವು ಹತ್ತು ಕೋಟಿ ವರ್ಷ ಜೊತೆಗಿದ್ದು, ಆಮೇಲೆ ಒಂದೊಂದಾಗಿ ಚದುರಿಹೋಗುತ್ತವೆ. ಎಲ್ಲರಿಗೂ ಗೊತ್ತಿರುವ ಕೃತ್ತಿಕೆಗೆ ಸುಮಾರು 10 ಕೋಟಿ ವರ್ಷ, ಅಷ್ಟೇ. ಪುಷ್ಯದ ಪಕ್ಕದ ಎಂ 44 ಗುಚ್ಛಕ್ಕೆ 60-70 ಕೋಟಿ. ಎಂ 67 ಇಷ್ಟು ಕಾಲ ಉಳಿದಿರುವುದಕ್ಕೆ ಮುಖ್ಯ ಕಾರಣ ಎರಡು. ಹುಟ್ಟುವಾಗಲೇ ಅದು ದೊಡ್ಡ ಗುಂಪಾಗಿತ್ತು. ಜೊತೆಗೆ ಅದು ಇರುವ ಜಾಗ ಆಕಾಶಗಂಗೆಯ ತಟ್ಟೆಯಿಂದ ಸುಮಾರು 1500 ಜ್ಯೋತಿರ್ವರ್ಷ ಮೇಲೆ. ತಟ್ಟೆಯೊಳಗೆ ಓಡಾಡುವ ದೈತ್ಯ ಅನಿಲ ಮೋಡಗಳ ಎಳೆದಾಟ ಅಲ್ಲಿ ಕಡಿಮೆ. ಹಾಗಿದ್ದೂ ಹುಟ್ಟಿದಾಗ ಇದ್ದ ನಕ್ಷತ್ರಗಳಲ್ಲಿ ಬಹುಪಾಲು ಉದುರಿಹೋಗಿವೆ. ಇಂದು ನಮಗೆ ಕಾಣುವುದು ಉಳಿದವರ ಗುಂಪು.

ಇದನ್ನು ನೋಡಲು ನಮ್ಮ ಜಿಲ್ಲೆ ಯಾಕೆ ಒಳ್ಳೆಯ ಜಾಗ ಅಂದರೆ ಅದಕ್ಕೊಂದು ಲೆಕ್ಕ ಇದೆ. ಗುಚ್ಛ ಇರುವುದು ಆಕಾಶದ ಸಮಭಾಜಕದಿಂದ 12 ಡಿಗ್ರಿಗಿಂತ ತುಸು ಕಡಿಮೆ ಉತ್ತರಕ್ಕೆ. ಪಾವಗಡ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಎಂ 67 ಇಲ್ಲಿ ನೆತ್ತಿಗಿಂತ ಎರಡು ಡಿಗ್ರಿ ಚಿಲ್ಲರೆ ದಕ್ಷಿಣಕ್ಕೆ ಹಾದುಹೋಗುತ್ತದೆ. ತುಮಕೂರು ಪೇಟೆಯಲ್ಲಿ ಇನ್ನೂ ಹತ್ತಿರ. ಯುರೋಪಿನವರು ಇದನ್ನು ಆಕಾಶದ ಅರ್ಧ ಎತ್ತರದಲ್ಲಿ, ದಪ್ಪ ಗಾಳಿಯ ಪದರದ ಮೂಲಕ ನೋಡಬೇಕು. ನಮಗೆ ನೆತ್ತಿಯ ಮೇಲೆ, ಗಾಳಿ ಅತ್ಯಂತ ತೆಳುವಾಗಿರುವ ಕಡೆ ಸಿಗುತ್ತದೆ. ಬೆಂಗಳೂರಿನ ಬೆಳಕು ಆಗ್ನೇಯ ದಿಕ್ಕಿನ ಅಂಚನ್ನು ಎಷ್ಟು ಬೆಳಗಿದರೂ ನೆತ್ತಿಯ ತನಕ ಅದರ ಕಾಟ ಅಷ್ಟಾಗಿ ಬರುವುದಿಲ್ಲ.

ಮೊದಲ ಹೆಜ್ಜೆ: ರಾತ್ರಿ ಆರಿಸಿಕೊಳ್ಳುವುದು

ಆಶ್ಲೇಷ ಮಳೆ ಶುರುವಾಗುವ ಹೊತ್ತಿಗೆ, ಆಗಸ್ಟ್ ಮೊದಲ ವಾರದಲ್ಲಿ, ಸೂರ್ಯ ಆಕಾಶದ ಈ ಭಾಗದಲ್ಲೇ ಇರುತ್ತಾನೆ. ಆಗ ಗುಚ್ಛ ಕಾಣುವ ಮಾತೇ ಇಲ್ಲ. ಅದರ ಸರಿ ಎದುರಿನ ಕಾಲ, ಅಂದರೆ ಫೆಬ್ರವರಿ, ಮಾರ್ಚ್ ನೋಡಲು ಒಳ್ಳೆಯದು. ಫೆಬ್ರವರಿ ಮೊದಲ ದಿನಗಳಲ್ಲಿ ಎಂ 67 ನೆತ್ತಿಗೆ ಬರುವುದು ರಾತ್ರಿ ಸುಮಾರು 12:30ಕ್ಕೆ. ಮಾರ್ಚ್ ಮಧ್ಯದಲ್ಲಿ 9:45ಕ್ಕೆ. ಏಪ್ರಿಲ್ ಮೊದಲ ದಿನಗಳಲ್ಲಿ 8:40ರ ಹೊತ್ತಿಗೆ. ದಿನಕ್ಕೆ ನಾಲ್ಕು ನಿಮಿಷ ಹಿಂದಕ್ಕೆ ಸರಿಯುತ್ತದೆ ಅಂತ ನೆನಪಿಟ್ಟುಕೊಂಡರೆ ಮಿಕ್ಕ ದಿನಗಳ ಲೆಕ್ಕ ನೀವೇ ಹಾಕಬಹುದು. ಏಪ್ರಿಲ್ ಕೊನೆಯ ನಂತರ ಕತ್ತಲಾಗುವಷ್ಟರಲ್ಲಿ ಪಶ್ಚಿಮಕ್ಕೆ ವಾಲಿರುತ್ತದೆ, ಸಂಜೆ ಮೋಡದ ಕಾಟವೂ ಶುರುವಾಗುತ್ತದೆ.

ಚಂದ್ರ ಇರಬಾರದು. ಇದರಲ್ಲಿ ರಾಜಿ ಇಲ್ಲ. ಕರ್ಕಾಟಕ ಚಂದ್ರ ಓಡಾಡುವ ದಾರಿಯಲ್ಲೇ ಇರುವ ರಾಶಿ, ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಚಂದ್ರನನ್ನು ನೋಡಿಕೊಂಡು ವಾಪಸ್ ಬರಬೇಕು ಅಷ್ಟೇ. ನನ್ನ ಕೇಳಿದರೆ ವರ್ಷದ ಅತ್ಯುತ್ತಮ ರಾತ್ರಿ ಶಿವರಾತ್ರಿ. ಅದು ಅಮಾವಾಸ್ಯೆಯ ಹೊಸ್ತಿಲಲ್ಲೇ ಬರುತ್ತದೆ, ಚಂದ್ರ ಮೂಡುವಷ್ಟರಲ್ಲಿ ಬೆಳಗಿನ ಜಾವ. ಹೇಗಿದ್ದರೂ ಜಾಗರಣೆ, ಮನೆಯಲ್ಲಿ ಯಾರೂ ‘ಇಷ್ಟು ಹೊತ್ತಲ್ಲಿ ಎಲ್ಲಿಗೆ’ ಅಂತ ಕೇಳುವುದಿಲ್ಲ. ಶಿವರಾತ್ರಿ ಬೇಗ ಬಂದರೆ 11:30, ತಡವಾಗಿ ಬಂದರೆ 10ರ ಸುಮಾರಿಗೆ ಗುಚ್ಛ ನೆತ್ತಿಯಲ್ಲಿರುತ್ತದೆ. ದೇವಸ್ಥಾನದ ಸೀರಿಯಲ್ ಲೈಟಿನಿಂದ ದೂರ ಇರಬೇಕು, ಅಷ್ಟೇ. ಅದು ತಪ್ಪಿದರೆ ಯುಗಾದಿ ಹಿಂದಿನ ಅಮಾವಾಸ್ಯೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಅದೇ ವಾಸಿ, ಊಟದ ಹೊತ್ತಿಗೆಲ್ಲ ನೋಡಿ ಮುಗಿಸಬಹುದು.

ಎರಡನೆಯದು: ಜಾಗ

ಬೆಟ್ಟ ಹತ್ತಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಬೇಕಾಗಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಹಗಲು ಹತ್ತಲು ಚೆಂದ, ರಾತ್ರಿ ಟ್ರೈಪಾಡ್ ಹೊತ್ತುಕೊಂಡು ಹತ್ತುವ ಜಾಗ ಅಲ್ಲ. ನೋಡುವ ವಸ್ತು ನೆತ್ತಿಯ ಮೇಲಿರುವಾಗ ನಿಮಗೆ ಎತ್ತರ ಬೇಡ, ಸುತ್ತ ಬಯಲೂ ಬೇಡ, ಕತ್ತಲು ಸಾಕು. ಮರಗಳ ಮರೆ ಇದ್ದರೂ ತೊಂದರೆ ಇಲ್ಲ, ಬೀದಿದೀಪ ತಡೆಯುತ್ತದೆ ಅಂತ ಒಂದು ಲಾಭವೇ.

ಪಾವಗಡ, ಶಿರಾ, ಮಧುಗಿರಿ ತಾಲ್ಲೂಕುಗಳಲ್ಲಿ ಊರಿಂದ ಎರಡು ಮೂರು ಕಿಲೋಮೀಟರ್ ಆಚೆ ಪರಿಚಯದವರ ಹೊಲ ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ಫೆಬ್ರವರಿ ಹೊತ್ತಿಗೆ ರಾಗಿ, ಕಡ್ಲೆಕಾಯಿ ಎಲ್ಲ ಮನೆ ಸೇರಿರುತ್ತದೆ, ಕಣ ಖಾಲಿ ಇರುತ್ತದೆ. ಮಟ್ಟಸವಾದ ನೆಲ, ಹುಲ್ಲಿಲ್ಲ, ಚೇಳು ಹಾವು ಬಂದರೆ ಕಾಣುತ್ತದೆ. ಹಗಲಲ್ಲೇ ಒಮ್ಮೆ ಹೋಗಿ ನೋಡಿ ಬನ್ನಿ. ಪಂಪ್‌ಸೆಟ್ ಮನೆಯ ಮುಂದೆ ಬಲ್ಬ್ ಇದೆಯಾ, ಹೈಮಾಸ್ಟ್ ದೀಪ ಕಾಣುತ್ತದಾ ಅಂತ ವಿಚಾರಿಸಿ. ತಿರುಮಣಿ ಕಡೆ ಸೋಲಾರ್ ಪಾರ್ಕ್ ಆದಮೇಲೆ ಕಾವಲಿನ ದೀಪಗಳೂ ಬಂದಿವೆ, ಅದರ ಬೇಲಿ ಪಕ್ಕ ಬೇಡ.

ಹೊಲದವರಿಗೆ ಹೇಳದೆ ಹೋಗಬೇಡಿ. ರಾತ್ರಿ ಕರೆಂಟ್ ಬಂದಾಗ ನೀರು ಕಟ್ಟಲು ಬರುವವರು ಇರುತ್ತಾರೆ. ಕತ್ತಲಲ್ಲಿ ಕೊಳವೆ ಹಿಡಿದು ನಿಂತ ನಾಲ್ಕು ಜನರನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ದೇವರಾಯನದುರ್ಗ, ಮಧುಗಿರಿ ಸುತ್ತಿನ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ. ಒಬ್ಬರೇ ಹೋಗುವುದು, ಗುಡ್ಡದ ಬುಡದಲ್ಲಿ ಕೂರುವುದು ಎರಡೂ ಬೇಡ.

ಏನೇನು ಬೇಕು

7x50 ಅಥವಾ 10x50 ಬೈನಾಕ್ಯುಲರ್ ಇದ್ದರೆ ಶುರು ಮಾಡಬಹುದು. ಟೆಲಿಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಗುಚ್ಛ ಹುಡುಕುವುದನ್ನು ಬೈನಾಕ್ಯುಲರಿನಲ್ಲೇ ಕಲಿಯಿರಿ. ಟಾರ್ಚಿಗೆ ಕೆಂಪು ಗಾಜಿನ ಪೇಪರನ್ನು ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು, ಮೊಬೈಲ್ ಪರದೆ ಒಂದು ಸಲ ನೋಡಿದರೆ ಆ ಅರ್ಧ ಗಂಟೆ ಹೋಯಿತು. ನಕ್ಷತ್ರ ನಕಾಶೆಯ ಆ್ಯಪ್ ಬೇಕೇ ಬೇಕು ಅನ್ನುವವರು ಅದರೊಳಗಿನ ಕೆಂಪು ಪರದೆಯ ಆಯ್ಕೆ ಹಾಕಿಕೊಳ್ಳಿ.

ಮತ್ತೆ ಒಂದು ಚಾಪೆ ಅಥವಾ ಹಗ್ಗದ ಮಂಚ, ಎರಡು ದಿಂಬು. ಇದು ಸುಖಕ್ಕಾಗಿ ಅಲ್ಲ. ನೆತ್ತಿಯ ಮೇಲಿನದನ್ನು ನಿಂತು ನೋಡಿದರೆ ಐದು ನಿಮಿಷಕ್ಕೆ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಕೈಯೂ ನಡುಗುತ್ತದೆ. ಅಂಗಾತ ಮಲಗಿ, ಒಂದೊಂದು ಮೊಣಕೈ ಕೆಳಗೆ ಒಂದೊಂದು ದಿಂಬು ಒತ್ತರಿಸಿ, ಬೈನಾಕ್ಯುಲರಿನ ಕಣ್ಣಿನ ಬದಿಯನ್ನು ಹುಬ್ಬಿನ ಮೂಳೆಗೆ ಆನಿಸಿ ಹಿಡಿಯಿರಿ. ಬಿಂಬ ಅಲ್ಲಾಡುವುದು ನಿಲ್ಲುತ್ತದೆ. ಕೈ ನಡುಗುವಾಗ ಕಾಣದ ಮಸುಕು ಚುಕ್ಕೆಗಳು ಆಗ ಕಾಣಲು ಶುರುವಾಗುತ್ತವೆ. ಈ ಗುಚ್ಛದ ಮಟ್ಟಿಗೆ ಲೆನ್ಸಿನ ದರ್ಜೆಗಿಂತ ಈ ದಿಂಬುಗಳೇ ಜಾಸ್ತಿ ಕೆಲಸ ಮಾಡುತ್ತವೆ.

ಹುಡುಕುವುದು

ಕಾಲನ್ನು ದಕ್ಷಿಣಕ್ಕೆ, ತಲೆಯನ್ನು ಉತ್ತರಕ್ಕೆ ಇಟ್ಟು ಮಲಗಿ. ಉತ್ತರಕ್ಕೆ ತಲೆ ಹಾಕಬಾರದು ಅಂತ ಅಜ್ಜಿ ಹೇಳಿದ್ದು ಗೊತ್ತು, ನಿದ್ದೆ ಮಾಡುತ್ತಿಲ್ಲವಲ್ಲ. ಹೀಗೆ ಮಲಗಿದರೆ ಎಡಗೈ ಪೂರ್ವ, ಬಲಗೈ ಪಶ್ಚಿಮ. ನೆತ್ತಿಯ ಬಳಿ ದಿಕ್ಕು ತಪ್ಪುವುದು ಬಹಳ ಸುಲಭ, ಹಾಗಾಗಿ ಇದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಪಶ್ಚಿಮ-ವಾಯವ್ಯಕ್ಕೆ ಪುನರ್ವಸುವಿನ ಜೋಡಿ ಇರುತ್ತದೆ: ಕ್ಯಾಸ್ಟರ್, ಪೊಲಕ್ಸ್. ಎರಡೂ ಪ್ರಕಾಶಮಾನ, ಪಕ್ಕಪಕ್ಕ. ಪೂರ್ವಕ್ಕೆ ಮಘೆ, ಸಿಂಹ ರಾಶಿಯ ಕುಡುಗೋಲಿನ ಹಿಡಿಯ ತುದಿಯ ನಕ್ಷತ್ರ. ಪೊಲಕ್ಸಿನಿಂದ ಮಘೆಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಅರ್ಧದಾರಿಗಿಂತ ಸ್ವಲ್ಪ ಮೊದಲೇ, ಪೊಲಕ್ಸ್ ಕಡೆಗೆ, ಗೆರೆಯ ಹತ್ತಿರ ಒಂದು ಮಸುಕು ಮಚ್ಚೆ ಕಾಣಬೇಕು. ಅದು ಎಂ 44. ಅದರ ಪಕ್ಕದಲ್ಲೇ ಪುಷ್ಯದ ನಕ್ಷತ್ರಗಳು. ಬರಿಗಣ್ಣಿಗೆ ಈ ಮಚ್ಚೆ ಕಂಡರೆ ನಿಮ್ಮ ಆಕಾಶ ಎಂ 67ಕ್ಕೆ ಸಾಕಷ್ಟು ಕತ್ತಲಾಗಿದೆ ಎಂದರ್ಥ. ಕಾಣದಿದ್ದರೆ ಜಾಗ ಬದಲಾಯಿಸಿ, ಇಲ್ಲವೇ ಟೆಲಿಸ್ಕೋಪ್ ಬೇಕಾಗುತ್ತದೆ. ಕೆಲವು ವರ್ಷ ಗುರು ಅಥವಾ ಕುಜ ಈ ರಾಶಿಯಲ್ಲಿ ಬಂದು ಕೂತಿರುತ್ತಾರೆ. ನಕಾಶೆಯಲ್ಲಿ ಇಲ್ಲದ ಪ್ರಖರ ಚುಕ್ಕೆ ಕಂಡರೆ ಗಲಿಬಿಲಿ ಆಗಬೇಡಿ, ಗ್ರಹ ಅದು.

ಎಂ 44ನ್ನು ಬೈನಾಕ್ಯುಲರಿನಲ್ಲಿ ಸಾವಕಾಶ ನೋಡಿ. ಮೂರು ಚಂದ್ರರಷ್ಟು ಅಗಲ, ಹತ್ತಾರು ನಕ್ಷತ್ರ. ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ. ನೀವು ಮುಂದೆ ಹೋಗಿ.

ಈಗ ದಕ್ಷಿಣಕ್ಕೆ, ಕಾಲಿನ ಕಡೆಗೆ. ಎಂ 44ರಿಂದ ಒಂದೂವರೆ ಮುಷ್ಟಿಯಷ್ಟು ದೂರದಲ್ಲಿ (ಕೈ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ) ಐದಾರು ಮಂದ ನಕ್ಷತ್ರಗಳ ಚಿಕ್ಕ ಬಳೆಯಂಥ ಗುಂಪು ಕಾಣುತ್ತದೆ. ಅದು ಆಶ್ಲೇಷ, ಪಾಶ್ಚಾತ್ಯರ ಹೈಡ್ರಾ ಹಾವಿನ ತಲೆ. ನಮ್ಮಲ್ಲೂ ಆಶ್ಲೇಷಕ್ಕೆ ಅಧಿದೇವತೆ ಸರ್ಪವೇ. ಎಂ 44ರಿಂದ ಆ ತಲೆಯ ಪೂರ್ವದ ಅಂಚಿಗೆ ಗೆರೆ ಎಳೆದು, ಅರ್ಧಕ್ಕಿಂತ ಸ್ವಲ್ಪ ಮುಂದೆ ನಿಲ್ಲಿ. ಎಂ 67 ಅಲ್ಲೇ ಇದೆ, ಗೆರೆಯಿಂದ ಕೂದಲೆಳೆಯಷ್ಟು ಪೂರ್ವಕ್ಕೆ.

ಖಚಿತಪಡಿಸಿಕೊಳ್ಳಲು ಆಲ್ಫಾ ಕ್ಯಾಂಕ್ರಿ ಎಂಬ ನಕ್ಷತ್ರ ಇದೆ, ಅಕ್ಯುಬೆನ್ಸ್ ಅಂತಲೂ ಕರೆಯುತ್ತಾರೆ. ಬರಿಗಣ್ಣಿಗೆ ಸುಲಭವಾಗಿ ಸಿಗುತ್ತದೆ. ಗುಚ್ಛ ಅದರ ನೇರ ಪಶ್ಚಿಮಕ್ಕೆ, ಕಾಲು ಕಮ್ಮಿ ಎರಡು ಡಿಗ್ರಿ ದೂರದಲ್ಲಿ. ಬೈನಾಕ್ಯುಲರಿನಲ್ಲಿ ಎರಡೂ ಒಟ್ಟಿಗೆ ಕಾಣುತ್ತವೆ. ನಕ್ಷತ್ರ ಎಡಕ್ಕೆ, ಬೂದಿ ಚಿಟಿಕೆ ಉದುರಿಸಿದಂಥ ಮಸುಕು ಬಲಕ್ಕೆ.

ಟೆಲಿಸ್ಕೋಪಿನವರಿಗೆ ಇದರಲ್ಲೇ ಒಂದು ಮಜಾ ಇದೆ. ಎರಡೂ ಆಕಾಶದ ಒಂದೇ ಅಕ್ಷಾಂಶದಲ್ಲಿವೆ. ಹಾಗಾಗಿ ಎಂ 67ನ್ನು ನಡುವೆ ತಂದು, ಕೊಳವೆ ಮುಟ್ಟದೆ ಸುಮ್ನೆ ಕಾಯಿರಿ. ಭೂಮಿ ತಿರುಗಿದಂತೆ ಗುಚ್ಛ ಜಾರಿಹೋಗಿ, ಏಳು ನಿಮಿಷಕ್ಕೆ ಅಕ್ಯುಬೆನ್ಸ್ ತಾನಾಗಿ ನಡುವಿಗೆ ಬರುತ್ತದೆ. ಬಂದರೆ ನೀವು ನೋಡಿದ್ದು ಎಂ 67 ಅಂತ ಗ್ಯಾರಂಟಿ. ಕಂಪ್ಯೂಟರ್ ಮೌಂಟ್ ಇಲ್ಲದ ಸಾದಾ ಟೆಲಿಸ್ಕೋಪಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಟೆಲಿಸ್ಕೋಪಿನಲ್ಲಿ

ಡಾಬ್ಸೋನಿಯನ್ ಟೆಲಿಸ್ಕೋಪ್ ಇರುವವರಿಗೆ ಒಂದು ಎಚ್ಚರಿಕೆ. ವಸ್ತು ಸರಿಯಾಗಿ ನೆತ್ತಿಯಲ್ಲಿರುವಾಗ ಕೊಳವೆ ನೆಟ್ಟಗೆ ನಿಂತುಬಿಡುತ್ತದೆ. ಆಗ ಅದನ್ನು ಎಡಬಲ ತಿರುಗಿಸಿದರೆ ಇದ್ದಲ್ಲೇ ಗಿರಕಿ ಹೊಡೆಯುತ್ತದೆ ವಿನಾ ಬೇಕಾದ ಕಡೆ ಸರಿಯುವುದಿಲ್ಲ. ನೆತ್ತಿಗೆ ಬರುವ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲು ಅಥವಾ ನಂತರ ನೋಡಿ. ಆಗಲೂ ಅದು 68 ಡಿಗ್ರಿ ಎತ್ತರದಲ್ಲಿರುತ್ತದೆ, ನಷ್ಟ ಏನಿಲ್ಲ. ಮಾರ್ಚಿನಲ್ಲಿ ಹಗಲಿನ ಬಿಸಿಲಿಗೆ ಕೊಳವೆ, ಕನ್ನಡಿ ಎಲ್ಲ ಕಾದಿರುತ್ತವೆ. ಮುಕ್ಕಾಲು ಗಂಟೆ ಮೊದಲೇ ಹೊರಗಿಟ್ಟು ಆರಲು ಬಿಡಿ.

ಗುಚ್ಛದ ಅಗಲ ಸುಮಾರು ಅರ್ಧ ಡಿಗ್ರಿ, ಹುಣ್ಣಿಮೆ ಚಂದ್ರನಷ್ಟು. 8 ಇಂಚಿನ ಡಾಬ್ಸೋನಿಯನ್‌ಗೆ 25 ಮಿಲಿಮೀಟರ್ ಐಪೀಸ್ ಹಾಕಿದರೆ ಹತ್ತಿರ ಹತ್ತಿರ 50 ಪಟ್ಟು ದೊಡ್ಡದಾಗಿ ಕಾಣುತ್ತದೆ, ಗುಚ್ಛ ಪೂರ್ತಿ ಹಿಡಿಸುತ್ತದೆ. ಈಶಾನ್ಯದ ಅಂಚಿನಲ್ಲಿ ಒಂದು ನಕ್ಷತ್ರ ಎಲ್ಲಕ್ಕಿಂತ ಪ್ರಖರವಾಗಿ ಹೊಂಬಣ್ಣದಲ್ಲಿ ಎದ್ದು ಕಾಣುತ್ತದೆ. ಅದು ಗುಚ್ಛದ್ದಲ್ಲ, ನಡುದಾರಿಯಲ್ಲಿ ಅಡ್ಡ ಬಂದದ್ದು. ಅದನ್ನು ಬಿಟ್ಟು ಮಿಕ್ಕವನ್ನು ನೋಡಿ.

ನೇರವಾಗಿ ದಿಟ್ಟಿಸಬೇಡಿ. ಕಣ್ಣಿನ ನಡುಭಾಗಕ್ಕೆ ಮಸುಕು ಬೆಳಕು ಸರಿಯಾಗಿ ಕಾಣುವುದಿಲ್ಲ. ದೃಷ್ಟಿಯನ್ನು ಗುಚ್ಛದ ಅಂಚಿಗೆ ಇಟ್ಟು ಓರೆಗಣ್ಣಿನಲ್ಲಿ ನಡುವನ್ನು ಗಮನಿಸಿ. ಹಿಂದಿನ ಮಂಜಿನಂಥ ಬೆಳಕು ಒಡೆದು ಸಣ್ಣ ಸಣ್ಣ ಚುಕ್ಕೆಗಳಾಗುತ್ತದೆ. ಆಮೇಲೆ ಬಣ್ಣ ಗಮನಿಸಿ. ಕೃತ್ತಿಕೆಯ ಪ್ರಖರ ನಕ್ಷತ್ರಗಳೆಲ್ಲ ನೀಲಿ-ಬಿಳಿ. ಇಲ್ಲಿ 10ನೇ ಕಾಂತಿಮಾನದ (ನಕ್ಷತ್ರದ ಬೆಳಕು ಅಳೆಯುವ ಅಂಕಿ, ಹೆಚ್ಚಾದಷ್ಟೂ ಮಸುಕು) ಆಸುಪಾಸಿನ ಹೆಚ್ಚಿನವು ಹಳದಿ, ಕಿತ್ತಳೆ. ನೀಲಿ ಬಣ್ಣದ ಭಾರಿ ನಕ್ಷತ್ರಗಳು ಎಂದೋ ಸತ್ತುಹೋಗಿ, ಸೂರ್ಯನಿಗಿಂತ ತುಸು ಹೆಚ್ಚು ತೂಕದವು ಈಗ ಉಬ್ಬಿ ಕೆಂಪು ದೈತ್ಯಗಳಾಗುತ್ತಿವೆ. ಇದು ಹಳೆಯ ಗುಚ್ಛ ಅನ್ನುವುದಕ್ಕೆ ಕಣ್ಣಿಗೆ ಸಿಗುವ ಸಾಕ್ಷಿ ಇದು.

ಸೂರ್ಯನನ್ನೇ ಅಷ್ಟು ದೂರ, ಸುಮಾರು 2800 ಜ್ಯೋತಿರ್ವರ್ಷ ಆಚೆ, ಇಟ್ಟರೆ ಹೇಗೆ ಕಂಡೀತು? 14.5ನೇ ಕಾಂತಿಮಾನದ ಚುಕ್ಕೆಯಾಗಿ. 8 ಇಂಚಿನ ಟೆಲಿಸ್ಕೋಪಿಗೆ ಸಿಗುವುದು ಕಷ್ಟ. 10-12 ಇಂಚು, ಒಳ್ಳೆಯ ಕತ್ತಲು, ಹೆಚ್ಚು ಪಟ್ಟು ಹಿಗ್ಗಿಸುವ ಐಪೀಸ್ ಇದ್ದರೆ ಪ್ರಯತ್ನಿಸಬಹುದು. ಇಂಥ ಸೂರ್ಯನಂಥ ನಕ್ಷತ್ರವೊಂದರ ಸುತ್ತ ಗ್ರಹ ಇರುವುದನ್ನು ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದ ಹಾರ್ಪ್ಸ್ ಉಪಕರಣದಿಂದ ಪತ್ತೆಹಚ್ಚಿ 2014ರ ಜನವರಿಯಲ್ಲಿ ಪ್ರಕಟಿಸಿದರು. ಆ ಗ್ರಹದ ವರ್ಷ ಏಳೇ ದಿನ. ಸೂರ್ಯನೂ ಇದೇ ಗುಚ್ಛದಲ್ಲಿ ಹುಟ್ಟಿ ಹೊರಬಂದಿರಬಹುದಾ ಅಂತ ಒಂದು ವಾದ ಇತ್ತು. ವಯಸ್ಸು, ಲೋಹಾಂಶ ಎರಡೂ ಹೊಂದುತ್ತವಲ್ಲ! ಆದರೆ ಚಲನೆಯ ಲೆಕ್ಕ ಹಾಕಿದವರು ಅದು ಆಗುವ ಸಂಭವ ಬಹಳ ಕಡಿಮೆ ಅಂದಿದ್ದಾರೆ. ನನಗೂ ಆ ಕಥೆ ಇಷ್ಟ, ಆದರೆ ಲೆಕ್ಕದ ಮುಂದೆ ಇಷ್ಟ ನಡೆಯುವುದಿಲ್ಲ.

ಫೋಟೊ

ಮೊಬೈಲ್ ಕ್ಯಾಮೆರಾ ಇದಕ್ಕೆ ಸಾಲದು. ಟ್ರೈಪಾಡ್ ಮೇಲೆ ಡಿಎಸ್‌ಎಲ್‌ಆರ್, 50 ಮಿಲಿಮೀಟರ್ ಲೆನ್ಸ್, ಐಎಸ್‌ಒ 1600, ಒಂದೊಂದು ಚಿತ್ರಕ್ಕೆ 6ರಿಂದ 8 ಸೆಕೆಂಡ್. ಅದಕ್ಕಿಂತ ಜಾಸ್ತಿ ಬಿಟ್ಟರೆ ಚುಕ್ಕೆಗಳು ಗೆರೆಯಾಗುತ್ತವೆ. ಐವತ್ತು ಅರವತ್ತು ಚಿತ್ರ ತೆಗೆದು ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಪೇರಿಸಿ. ಎಂ 44, ಎಂ 67, ಆಶ್ಲೇಷ ಮೂರೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ.

ವಯಸ್ಸನ್ನು ನೀವೇ ಓದುವುದು

ಇದು ಹಗಲು ಹೊತ್ತಿನ ಕೆಲಸ, ಬಿಎಸ್ಸಿ ಓದುವ ಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ. 1955ರಲ್ಲಿ ಹೆರಾಲ್ಡ್ ಜಾನ್ಸನ್ ಮತ್ತು ಆ್ಯಲನ್ ಸ್ಯಾಂಡೇಜ್ ಎಂಬ ಇಬ್ಬರು ಖಗೋಳಶಾಸ್ತ್ರಜ್ಞರು ಎಂ 67ರ ನಕ್ಷತ್ರಗಳ ಬಣ್ಣ, ಕಾಂತಿ ಅಳೆದು ಒಂದು ನಕ್ಷೆ ಬರೆದರು. ನಕ್ಷತ್ರಗಳು ಹೇಗೆ ಮುಪ್ಪಾಗುತ್ತವೆ ಎಂದು ತಿಳಿಯಲು ಅದು ದೊಡ್ಡ ಸಹಾಯ ಮಾಡಿತು. ಆ ನಕ್ಷೆಯನ್ನು ಇಂದು ಪಾವಗಡದ ಸೈಬರ್ ಸೆಂಟರಿನಲ್ಲಿ ಕೂತು ಮಾಡಬಹುದು.

ಯುರೋಪಿನ ಬಾಹ್ಯಾಕಾಶ ಸಂಸ್ಥೆ 2013ರ ಡಿಸೆಂಬರಿನಲ್ಲಿ ಹಾರಿಸಿದ ಗಾಯಾ ಉಪಗ್ರಹದ ಮಾಹಿತಿ ಎಲ್ಲರಿಗೂ ಉಚಿತ. ಗಾಯಾ ಆರ್ಕೈವ್ ತಾಣದಲ್ಲಿ ಎಂ 67 ಅಂತ ಹುಡುಕಿ, ಸುತ್ತಳತೆಯ ತ್ರಿಜ್ಯ ಅರ್ಧ ಡಿಗ್ರಿ ಕೊಡಿ. ಪ್ಯಾರಲ್ಯಾಕ್ಸ್ (ನಕ್ಷತ್ರದ ದೂರ ತಿಳಿಸುವ ಅಳತೆ), ಎರಡು ದಿಕ್ಕಿನ ಚಲನೆ, ಜಿ ಕಾಂತಿಮಾನ, ಬಿಪಿ-ಆರ್‌ಪಿ ಬಣ್ಣ, ಇಷ್ಟು ಕಾಲಂಗಳನ್ನು ಇಳಿಸಿಕೊಳ್ಳಿ. 17ನೇ ಕಾಂತಿಮಾನಕ್ಕಿಂತ ಮಸುಕಾದವನ್ನು ಬಿಟ್ಟುಬಿಡಿ.

ಈಗ ಜರಡಿ ಹಿಡಿಯಬೇಕು. ಆ ದಿಕ್ಕಿನಲ್ಲಿ ಕಾಣುವ ನಕ್ಷತ್ರಗಳೆಲ್ಲ ಗುಚ್ಛದವಲ್ಲ. ಒಂದೇ ಗುಂಪಿನವು ಒಂದೇ ದೂರದಲ್ಲಿದ್ದು ಒಂದೇ ಕಡೆಗೆ ಸಾಗುತ್ತವೆ. ಪ್ಯಾರಲ್ಯಾಕ್ಸ್ 1.0ರಿಂದ 1.3, ಪೂರ್ವ-ಪಶ್ಚಿಮ ಚಲನೆ ಮೈನಸ್ 12ರಿಂದ ಮೈನಸ್ 10, ಉತ್ತರ-ದಕ್ಷಿಣ ಚಲನೆ ಮೈನಸ್ 4ರಿಂದ ಮೈನಸ್ 2. ಇದರೊಳಗೆ ಬರುವ ಸಾಲುಗಳನ್ನು ಮಾತ್ರ ಇಟ್ಟುಕೊಳ್ಳಿ. ಸ್ಪ್ರೆಡ್‌ಶೀಟಿನ ಫಿಲ್ಟರ್ ಸಾಕು, ಪ್ರೋಗ್ರಾಂ ಬರೆಯಬೇಕಿಲ್ಲ.

ಬಣ್ಣವನ್ನು ಅಡ್ಡಕ್ಕೂ, ಕಾಂತಿಮಾನವನ್ನು ಉದ್ದಕ್ಕೂ ಇಟ್ಟು ಚುಕ್ಕೆ ಹಾಕಿ. ಉದ್ದದ ಅಳತೆಯನ್ನು ತಲೆಕೆಳಗು ಮಾಡಿ, ಸಣ್ಣ ಸಂಖ್ಯೆ ಮೇಲೆ ಬರಲಿ. ಬಲಗಡೆ ಕೆಳಗಿನಿಂದ ಎಡಗಡೆ ಮೇಲಕ್ಕೆ ಚುಕ್ಕೆಗಳ ಒಂದು ದಾರಿ ಏರುತ್ತಾ ಬಂದು, 13ನೇ ಕಾಂತಿಮಾನದ ಸುಮಾರಿಗೆ ಬಲಕ್ಕೆ ಹೊರಳಿಕೊಂಡು, ಮತ್ತೆ ಮೇಲಕ್ಕೆ ಕೆಂಪು ದೈತ್ಯಗಳ ಕಡೆ ಹೋಗುವುದು ಕಾಣುತ್ತದೆ. ಆ ಹೊರಳುವ ಜಾಗವೇ ಗುಚ್ಛದ ವಯಸ್ಸು. ಕಾಲ ಕಳೆದಂತೆ ತಿರುವು ಕೆಳಕ್ಕೆ ಇಳಿಯುತ್ತದೆ. ಇದೇ ಕೆಲಸವನ್ನು ಎಂ 44ಕ್ಕೂ ಮಾಡಿ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಯಾರಾದರೂ ಹೇಳುತ್ತಾರೆ. ಮುಖ್ಯ ದಾರಿಗೆ ಸಮಾನಾಂತರವಾಗಿ, ಸ್ವಲ್ಪ ಮೇಲೆ, ಇನ್ನೊಂದು ತೆಳು ದಾರಿಯೂ ಇರುತ್ತದೆ. ಅವು ಜೋಡಿ ನಕ್ಷತ್ರಗಳು. ಎರಡರ ಬೆಳಕು ಸೇರಿ ಒಂದೇ ಚುಕ್ಕೆಯಾಗಿರುವುದರಿಂದ ಪ್ರಖರವಾಗಿ ಕಾಣುತ್ತವೆ.

ತಿರುವಿಗಿಂತ ಮೇಲೆ, ಎಡಕ್ಕೆ, ಏನೂ ಇರಬಾರದ ಜಾಗದಲ್ಲಿ ಕೆಲವು ನೀಲಿ ಚುಕ್ಕೆಗಳು ಉಳಿದಿರುತ್ತವೆ. ಲೆಕ್ಕದ ಪ್ರಕಾರ ಅವು ಇಷ್ಟರಲ್ಲಿ ಮುಪ್ಪಾಗಿರಬೇಕಿತ್ತು. ಪಕ್ಕದ ಸಂಗಾತಿಯಿಂದ ದ್ರವ್ಯ ಸೆಳೆದುಕೊಂಡೋ, ಎರಡು ನಕ್ಷತ್ರ ಒಂದಾಗಿಯೋ ಮತ್ತೆ ತೂಕ ಬಂದು ನೀಲಿಯಾದವು ಅವು. ಇಂಗ್ಲಿಷಿನವರು ಬ್ಲೂ ಸ್ಟ್ರ್ಯಾಗ್ಲರ್ ಅನ್ನುತ್ತಾರೆ. ಎಂ 67ರಲ್ಲಿ ಇಂಥವು ಚೆನ್ನಾಗಿಯೇ ಇವೆ, ಅವುಗಳಲ್ಲಿ ಅತಿ ಪ್ರಖರವಾದದ್ದು 10ನೇ ಕಾಂತಿಮಾನದ್ದು. ಅಂದರೆ ಚಿಕ್ಕ ಟೆಲಿಸ್ಕೋಪಿಗೂ ಸಿಗುವಂಥದ್ದು. ಪಟ್ಟಿಯಲ್ಲಿ ಅದರ ಸಾಲು ಹುಡುಕಿ, ಸ್ಥಾನ ಗುರುತು ಹಾಕಿಕೊಂಡು, ಮುಂದಿನ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಕಿತ್ತಳೆ ದೈತ್ಯಗಳ ನಡುವೆ ಆ ಒಂದು ಬಿಳಿ-ನೀಲಿ ಚುಕ್ಕೆಯನ್ನು ಹುಡುಕಿ ನೋಡಿ.